ಸಾಲಾ

ಮೊದಲ ವಾರ ಕಲಿತ ಪದ ಮೋರಾ.
ಡೆಕ್ಕನ್ನಿನ ತರಗತಿಯಲ್ಲಿ ಪಾರನೇರಕರ ಬಾಯಿ
ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆದರು:
ಗಡುವು ದಾಟಿಯೂ ಕಟ್ಟದ ಕಂತು.
ನನಗೆ ಕಂಡದ್ದು ಮೈಂದರ್ಗಿಯಲ್ಲಿ ಅವ್ವನ ಮೊರ,
ಒಂದು ಅಂಚು ಇಲಿ ಕಡಿದದ್ದು,
ತೊಗರಿ ಈಚೆಗೆ, ಹೊಟ್ಟು ಆಚೆಗೆ.
ಪರೀಕ್ಷೆಯಲ್ಲಿ ಆ ಪದ ತಪ್ಪಲಿಲ್ಲ.

ಈಗ ಖರಾಡಿ, ಆರನೇ ಮಹಡಿ, ರಾತ್ರಿ ಮೂರೂವರೆ.
ಏಸಿ ಗಾಳಿಗೆ ಶಾಲು ಹೊದ್ದು
ಆರಿದ ಚಹಾದ ಪಕ್ಕ ಕೂತು
ನೀಲಾಂಬಿಕಾ ನೇಲಿದಾ ಆಗುತ್ತೇನೆ.
ಬೆರಳ ತುದಿಯಲ್ಲಿ ಒಂದು ಕಂಪನಿಯ ಕ್ಷಮೆ,
ದಿನಕ್ಕೆ ಇಷ್ಟೇ ಎಂದು ಎಣಿಸಿ ಕೊಟ್ಟದ್ದು.
ಉಸ್ತೆದ್ ಎಂದರೆ ನೀವು.
ಇಂಗ್ಲಿಷಿನಲ್ಲೇ ಬೆಳೆದವರಿಗೆ ಅದಕ್ಕೇ ಎರಡು ಕ್ಲಾಸು ಹಿಡಿಯಿತು,
ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಹದಿನೇಳನೇ ಕರೆ.
ದೋನ್ಯಾ ಎದುವಿಹೆಸ್, ಹೂಚಿತಾನ್ ಎಂಬ ಊರು,
ಹೊಲಿಗೆ ಯಂತ್ರಕ್ಕೆ ತೆಗೆದದ್ದು, ಎರಡು ಕಂತು ಬಾಕಿ.
ತಾಳು ಮಗಳೇ, ಚೀಟಿ ಸಾಲಾದಲ್ಲಿದೆ, ಅಂದಳು.
ಸಾಲಾ ಅಂದರೆ ಅವಳಿಗೆ ಪಡಸಾಲೆ,
ಬಂದವರನ್ನು ಕೂರಿಸುವ ಕೋಣೆ.
ನಮ್ಮಲ್ಲಿ ಸಾಲವೇ ಬಂದು ಕೂರುತ್ತದೆ,
ಚಹಾ ಕೊಟ್ಟರೂ ಏಳುವುದಿಲ್ಲ.
ಮ್ಯೂಟ್ ಒತ್ತಿ ನಕ್ಕೆ.

ಅವಳಿಗೆ ಮ್ಯೂಟ್ ಗೊತ್ತಿಲ್ಲ.
ಫೋನು ಎಲ್ಲೋ ಬಟ್ಟೆಯ ಮೇಲೆ ಮಲಗಿತ್ತು.
ಕೋಳಿ ಬಂತು, ಹೋಯಿತು. ಬಾಗಿಲ ಕೀಲು.
ಯಾವುದೋ ಹುಡುಗಿಯನ್ನು ಗದರಿಸಿ
ಹಣ ಎಣಿಸತೊಡಗಿದಳು.
ಉನೋ, ದೋಸ್ ಅಲ್ಲ.
ತೋಬಿ, ಚೂಪಾ, ಚೊನ್ನಾ,
ನನ್ನ ಆರು ಪುಸ್ತಕಗಳಲ್ಲಿ ಎಲ್ಲೂ ಇಲ್ಲದ್ದು.
ಆದರೆ ಎಣಿಕೆ ಎಂದು ತಿಳಿಯಲು ಭಾಷೆ ಬೇಕೆ?
ಪ್ರತಿ ಪದಕ್ಕೂ ಒಂದು ನೋಟು ಹೆಬ್ಬೆರಳಿಗೆ ತಾಗುವ ಸದ್ದು,
ನಡುವೆ ತಪ್ಪಿತು, ಮತ್ತೆ ಮೊದಲಿಂದ.

ಹಾಗಾದರೆ ಅವಳೂ ನನ್ನ ಹಾಗೆ
ಈ ಮಾತನ್ನು ಕಡ ತಂದವಳು.
ಅಲ್ಲ, ನಾನು ಫೀಸು ಕಟ್ಟಿ ಕೊಂಡೆ,
ಮೂರು ವರ್ಷ, ರಸೀದಿ ಇದೆ.
ಅವಳ ಅಜ್ಜಿಯ ಅಜ್ಜಿಗೆ ಇದನ್ನು ಯಾರು ಹೊರಿಸಿದರೋ,
ಅದರ ಬಡ್ಡಿ ನನ್ನ ಪರದೆಯ ಮೇಲೆ ಕಾಣದು.
ಪುಣೆಯಲ್ಲಿ ನಾನು ಮರಾಠಿಯಲ್ಲಿ ಮೆಂತ್ಯ ಕೊಳ್ಳುತ್ತೇನೆ,
ಇಂಗ್ಲಿಷಿನಲ್ಲಿ ರಜೆ ಕೇಳುತ್ತೇನೆ,
ಚಿಲ್ಲರೆ ಮಾತ್ರ ಒಂದು, ಎರಡು, ಮೂರು.

ಎಂಟುನೂರು ಇದೆ, ಎಂದಳು ಮರಳಿ ಬಂದು,
ತಿದ್ದಿದ ಸ್ಪ್ಯಾನಿಷಿನಲ್ಲಿ,
ಬಾಗಿಲಿಗೆ ಸಾಹೇಬರು ಬಂದಾಗ
ಸೆರಗು ಸರಿಮಾಡಿಕೊಂಡ ಹಾಗೆ.
ಆಮೇಲೆ: ನೀನು ಎಲ್ಲಿಯವಳು ತಾಯಿ,
ನಿನ್ನ ರಕಾರ ಬೇರೆ ಥರ.
ಊರು ಹೇಳಬಾರದೆಂದು ನಿಯಮ.
ಲೇಹೋಸ್, ಎಂದೆ. ದೂರ.
ನಮ್ಮ ಹುಡುಗರೂ ಫೋನಿನಲ್ಲಿ ಅಷ್ಟೇ ಹೇಳುತ್ತಾರೆ, ಅಂದಳು.

ದಂಡ ಇನ್ನೂರ ನಲವತ್ತು ಪೆಸೊ ಮನ್ನಾ ಮಾಡಿದೆ.
ವರ್ಷಕ್ಕೊಮ್ಮೆ ಒಬ್ಬರಿಗೆ ಮಾಡಬಹುದು, ದಯೆಯೇನಲ್ಲ.
ಕಾರಣದ ಪಟ್ಟಿಯಲ್ಲಿ ಕಾಯಿಲೆ ಇತ್ತು, ಸಾವು ಇತ್ತು.
ತಾಂತ್ರಿಕ ದೋಷ ಒತ್ತಿದೆ.

ಬೆಳಿಗ್ಗೆ ಕ್ಯಾಬಿಗೆ ಕಾಯುವಾಗ ಕ್ವಾಲಿಟಿಯ ಹುಪರೀಕರ ಕರೆದ.
ಇಲ್ಲಿ ನೋಡು, ನಲವತ್ತೊಂದು ಸೆಕೆಂಡು ಏನೂ ಇಲ್ಲ,
ಡೆಡ್ ಏರ್, ಮೂರು ಅಂಕ ಹೋಯಿತು.
ಇನ್ನೊಮ್ಮೆ ಹಾಕು, ಎಂದೆ.
ಹಾಕಿದ.
ಕೋಳಿ ಬಂತು, ಹೋಯಿತು.