ಶ್ರುತಿಗೆ ಕೂತವಳು

ನಿಮಗೆ ಕೇಳಿಸುವುದು ನಾನಲ್ಲ.
ಸಾವಿನ ಮನೆಯಂಗಳದಲ್ಲಿ ಎರಡು ದುದುಕ್ ಇರುತ್ತವೆ;
ಒಂದು ಅಳುತ್ತದೆ, ಸತ್ತವನ ಕತೆ ಹೇಳುತ್ತದೆ, ಏರಿ ಇಳಿಯುತ್ತದೆ.
ಇನ್ನೊಂದು ಒಂದೇ ಸ್ವರದ ಮೇಲೆ
ಎಮ್ಮೆ ಮಲಗಿದ ಹಾಗೆ ಮಲಗಿರುತ್ತದೆ.
ಆ ಎಮ್ಮೆ ನಾನು.
ನಮ್ಮಲ್ಲಿ ಇದಕ್ಕೆ ದಾಮ್ ಎನ್ನುತ್ತಾರೆ.
ಹಿಡಿಯುವವರ ಹೆಸರು ಯಾವ ಕ್ಯಾಸೆಟ್ಟಿನ ಮೇಲೂ ಇರುವುದಿಲ್ಲ.

ಗ್ಯುಮ್ರಿಯಲ್ಲಿ ನೆಲ ನಡುಗಿ ನಾಲ್ಕು ವರ್ಷವಾಗಿತ್ತು.
ಸಂಗೀತ ಶಾಲೆ ಎಂದರೆ ಒಂದು ತಗಡಿನ ಡಬ್ಬಿ,
ಸರಕು ತಂದು ಇಳಿಸಿ ಖಾಲಿ ಉಳಿದದ್ದು;
ಕಿಟಕಿ ಕೊರೆದು ಪ್ಲಾಸ್ಟಿಕ್ ಹೊದಿಸಿದ್ದರು.
ಕರೆಂಟು ದಿನಕ್ಕೆ ಒಂದು ಗಂಟೆ, ಅದೂ ಅದಕ್ಕೆ ಮನಸ್ಸಾದರೆ.
ಮೇಷ್ಟ್ರು ವರಾಜ್ದಾತ್‌ಗೆ ಎಡಗೈಯಲ್ಲಿ ಮೂರೇ ಬೆರಳು.
ಉಳಿದೆರಡು ಹಳೆಯ ಕಟ್ಟಡದಲ್ಲೇ ಇವೆ.

ಮೊದಲ ಆರು ತಿಂಗಳು ವಾದ್ಯವನ್ನೇ ಕೊಡಲಿಲ್ಲ.
ಒಂದು ಲೋಟ ನೀರು, ಒಂದು ಗೋಧಿಹುಲ್ಲಿನ ಕಡ್ಡಿ.
"ಗುಳ್ಳೆ ನಿಲ್ಲಬಾರದು" ಅಂದರು.
ಕೆನ್ನೆಯಲ್ಲಿ ಗಾಳಿ ಕೂಡಿಟ್ಟು, ಅದು ಮುಗಿಯುವ ಮೊದಲೇ
ಮೂಗಿನಿಂದ ಹೊಸದನ್ನು ಕದಿಯಬೇಕು,
ಸಂಬಳ ಬರುವ ತನಕ ಕೈಸಾಲದಲ್ಲಿ ದಾಟುವ ಹಾಗೆ.
ಎಷ್ಟೋ ಬೆಳಿಗ್ಗೆ ಲೋಟ ಹೆಪ್ಪುಗಟ್ಟಿರುತ್ತಿತ್ತು.
ಮಂಜುಗಡ್ಡೆ ಒಡೆದು ಪಾಠ.

"ಹುಡುಗಿಗ್ಯಾಕೆ ದುದುಕ್, ತುಟಿ ದಪ್ಪವಾದೀತು,
ರೊಟ್ಟಿಯ ಸಾಲಲ್ಲಿ ನಿಲ್ಲೋರು ಯಾರು?" ಅಂದಳು ಅಜ್ಜಿ.
ಅಮ್ಮ ಮಾತಾಡಲಿಲ್ಲ.
ತಗಡಿನ ಡಬ್ಬಿಯಲ್ಲಿ ಒಲೆ ಇದೆ ಎಂಬುದು ಅವಳಿಗೆ ಗೊತ್ತಿತ್ತು.

ಆ ಒಲೆಯ ಕತೆ ಹೇಳಬೇಕು.
ಬೆಂಚಿನ ಕೆಳಗೆ ಏಪ್ರಿಕಾಟ್ ಮರದ ತುಂಡುಗಳಿದ್ದವು,
ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಬರೆದ ವರ್ಷ.
ಕಡಿದು ಹತ್ತು ವರ್ಷ ನೆರಳಲ್ಲಿ ಮಲಗಿದ್ದರೆ ಮಾತ್ರ
ಮರ ತನ್ನ ಹಣ್ಣನ್ನು ಮರೆತು ಗಾಳಿಗೆ ಬಾಯಿ ಕೊಡುತ್ತದಂತೆ.
ಜನವರಿಯಲ್ಲಿ, ಪುಟ್ಟ ಮ್ಹೇರ್‌ನ ಬೆರಳು ನೀಲಿಯಾದ ದಿನ,
ಮೇಷ್ಟ್ರು ಬಗ್ಗಿ ಒಂದು ತುಂಡು ಎತ್ತಿದರು,
ವರ್ಷವನ್ನು ತೋಳಿನಿಂದ ಒರೆಸಿದರು,
ಒಲೆಗಿಟ್ಟರು.
ಮಾರನೇ ದಿನ ಇನ್ನೊಂದು.
ಇಪ್ಪತ್ತಾರು. ನಾನು ಎಣಿಸಿದ್ದೇನೆ.
ಹುಟ್ಟದ ಇಪ್ಪತ್ತಾರು ದುದುಕ್‌ಗಳಿಗೆ ಮೈ ಕಾಯಿಸಿಕೊಂಡು
ನಾವು ಉಸಿರಾಡುವುದನ್ನು ಕಲಿತೆವು.
ಹೊಗೆಗೆ ಹಣ್ಣಿನ ವಾಸನೆಯಿತ್ತು ಎಂದರೆ ಸುಳ್ಳು;
ಕಣ್ಣುರಿಯಿತು, ಅಷ್ಟೇ.

ರಾಗ ಮಾತ್ರ ಹೇಳಿಕೊಡಲಿಲ್ಲ.
ಕೇಳಿದಾಗಲೆಲ್ಲ "ಮೊದಲು ನೆಲ ಗಟ್ಟಿಯಾಗಲಿ" ಎನ್ನುತ್ತಿದ್ದರು.
ನಮ್ಮೂರಲ್ಲಿ ಆ ಮಾತಿಗೆ ಯಾರೂ ನಗುವುದಿಲ್ಲ.
ಮೂರು ಬೆರಳಿಗೆ ರಾಗ ದಕ್ಕುವುದಿಲ್ಲ ಎಂದು
ನನಗೆ ಹೊಳೆಯುವ ಹೊತ್ತಿಗೆ ಅವರಿರಲಿಲ್ಲ.
ಇದ್ದದ್ದನ್ನು ಕೊಟ್ಟಿದ್ದರು,
ಇಲ್ಲದ್ದಕ್ಕೆ ನೆಪ ಹೇಳಿದ್ದರು.

ಹೋದ ವರ್ಷ ಯೆರೆವಾನಿನಲ್ಲಿ ಗಾಜಿನ ಹಿಂದೆ
ಕೊಕ್ಕರೆಯ ಮೂಳೆಯೊಂದನ್ನು ನೋಡಿದೆ, ಐದು ತೂತು.
ಫಲಕದಲ್ಲಿ ಹಕ್ಕಿಯ ಜಾತಿ ಇತ್ತು, ಶತಮಾನ ಇತ್ತು,
ಅಗೆದವರ ಹೆಸರೂ ಇತ್ತು.
ಮೊದಲ ತೂತಿನ ಮೇಲೆ ಒಂದು ಮಗುವಿನ ಬೆರಳು ಹಿಡಿದು
"ಅಲ್ಲಲ್ಲ, ಇಲ್ಲಿ" ಎಂದವರು ಯಾರು?
ಎಷ್ಟು ಸಲ ಹೇಳಿದ್ದರೋ, ಎಷ್ಟು ರೇಗಿದ್ದರೋ.
ಆ ಕೈ ಮೂಳೆಯಾಗಿಯೂ ಸಿಕ್ಕಿಲ್ಲ.
ಗಾಜಿಗೆ ಮೂಗು ಒತ್ತಬೇಡ ಎಂದು
ಕಾವಲಿನವಳು ಗದರಿದಳು.

ಮ್ಹೇರ್ ಈಗ ಮಾಸ್ಕೋದಲ್ಲಿ ಟೈಲ್ಸ್ ಕೂರಿಸುತ್ತಾನೆ.
ನಾನು ಬಸ್ಸು ಓಡಿಸುತ್ತೇನೆ, ಹನ್ನೆರಡನೇ ನಂಬರು.
ಸಂಗೀತ ಕಲಿತು ಏನು ಗಿಟ್ಟಿತು ಎನ್ನುವವರಿಗೆ
ಟಿಕೆಟ್ ಹರಿದು ಚಿಲ್ಲರೆ ಕೊಡುತ್ತೇನೆ.
ರೈಲ್ವೆ ಗೇಟು ಬಿದ್ದು, ಗೂಡ್ಸ್ ಗಾಡಿ ಮುಗಿಯದಷ್ಟು ಉದ್ದವಿದ್ದಾಗ
ಸ್ಟೀರಿಂಗ್ ಮೇಲೆ ಕೈಯಿಟ್ಟು, ಕೆನ್ನೆ ಉಬ್ಬಿಸಿ,
ಕಾಣದ ಲೋಟದಲ್ಲಿ ಗುಳ್ಳೆ ನಿಲ್ಲದಂತೆ
ಉಸಿರು ತಿರುಗಿಸುತ್ತೇನೆ.
ಮುಂದಿನ ಸೀಟಿನ ಮುದುಕಿ ಬಗ್ಗಿ ನೋಡುತ್ತಾಳೆ:
"ಷೋಗಾಕಾತ್, ಹಲ್ಲುನೋವಾ ಮಗಳೇ?
ಲವಂಗ ಇಟ್ಕೋ."