ಬೆನ್ನ ಗುರುತು

ಹತ್ತಕ್ಕೆ ಮೊದಲು ಹೊರಡಬೇಡ, ಎಂದಿದ್ದಳು ಟಾನಿ ಹೆಸ್ಟರ್.
ಟಾನಿ ಎಂದರೆ ಚಿಕ್ಕಮ್ಮ. ಕಾಮೀಸ್‌ಕ್ರೂನಿನಲ್ಲಿ
ಹೆಸರಿಗೆ ಕಾಗದ ಬರುವವರಿಗೆಲ್ಲ ಅವಳು ಚಿಕ್ಕಮ್ಮನೇ.
ಅಷ್ಟು ಬೇಗ ಹೋದರೆ ಹೂಗಳಿಗಿನ್ನೂ ನಿದ್ದೆಗಣ್ಣು,
ಬಿಸಿಲು ಬಂದು ಭುಜ ಹಿಡಿದು ಅಲುಗಿಸಿದ ಮೇಲೇ
ಏಳುವ ಜಾತಿ.

ಹಾಗಾಗಿ ಎರಡು ಸಲ ಕಾಫಿಯಾಯಿತು.
ಆಡುಗಳು ಒಂದೊಂದಾಗಿ ಗುಡ್ಡ ಹತ್ತಿದವು.
ಕಡಲಿಂದ ಬಂದ ಮಂಜು
ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗಿತು.

ನನ್ನ ಚೀಲದಲ್ಲಿ ಕಾಡುಹೂಗಳ ಕೈಪಿಡಿ:
ನಾನೂರು ಪುಟ, ಎಸಳಿನ ಲೆಕ್ಕ, ಎಲೆಯ ಅಳತೆ,
ಬಣ್ಣಕ್ಕೊಂದರಂತೆ ಬಳಿದ ಪುಟದಂಚು.
ಅವಳಲ್ಲಿ ಒಂದು ಊರುಗೋಲು,
ಜೇಬಿನಲ್ಲಿ ಒಣರೊಟ್ಟಿ.

ಸೂರ್ಯನನ್ನು ಬೆನ್ನಿಗೆ ಹಾಕಿಕೋ, ಎಂದಳು.
ಹಾಕಿಕೊಂಡೆ.
ಇಡೀ ಬಯಲು ನನ್ನನ್ನೇ ನೋಡುತ್ತಿತ್ತು!
ಕಿತ್ತಳೆ, ಕಿತ್ತಳೆ, ನಡುವೆಲ್ಲೋ ಸುಣ್ಣದ ಬಿಳಿ,
ಮತ್ತೆ ಕಿತ್ತಳೆ,
ಮದುವೆಮನೆಗೆ ತಡವಾಗಿ ಹೊಕ್ಕವಳನ್ನು
ಪಂಕ್ತಿಯಲ್ಲಿ ಕೂತವರೆಲ್ಲ
ತುತ್ತು ನಿಲ್ಲಿಸಿ ನೋಡುವ ಹಾಗೆ.

ಕೂತೆ. ಎಸಳೆಣಿಸಿದೆ. ಪುಟ ತಿರುವಿದೆ.
ಎಸಳಿನ ಬುಡದಲ್ಲೊಂದು ಕಪ್ಪು ನೊಣ.
ಊದಿದೆ, ಹಾರಲಿಲ್ಲ. ಬೆರಳಿಂದ ಮುಟ್ಟಿದೆ,
ನೊಣವಲ್ಲ, ಎಸಳೇ,
ಎಸಳು ತನ್ನ ಮೈಮೇಲೆ ಬರೆದುಕೊಂಡ ನೊಣ,
ಬೆನ್ನಿನ ಹೊಳಪೂ ಸೇರಿ.
ಗಂಡುನೊಣಗಳೇ ಮೋಸಹೋಗುತ್ತವಂತೆ,
ಹೆಣ್ಣೆಂದು ಬಂದು, ಪರಾಗ ಹೊತ್ತು, ಬರಿಗೈಲಿ ಹೋಗುತ್ತವಂತೆ.
ನನ್ನವನೂ ಹಾಗೇ ಬಿದ್ದದ್ದು, ಎಂದು ನಕ್ಕಳು ಟಾನಿ,
ಗಣಿಯವರ ಕುಣಿತದ ರಾತ್ರಿ
ಅಕ್ಕನ ಚುಕ್ಕಿಲಂಗ ನಾನು ಉಟ್ಟಿದ್ದೆ.

ಬಂಡೆಯ ನೆರಳಲ್ಲಿ ಗೊಂಚಲು ಹೂ.
ಲಾಚೆನಾಲಿಯ! ಪುಟ ಎಂಬತ್ತೊಂದು! ಎಂದೆ,
ಚೀಟಿ ಎತ್ತಿ ಗೆದ್ದವಳಂತೆ.
ಅವಳು ಎರಡು ದಂಟು ಕಿತ್ತು
ಒಂದಕ್ಕೊಂದು ಉಜ್ಜಿದಳು. ಕೀಂ. ಕಿರ್ರ್. ಕೀಂ.
ಇದು ಪುಟ್ಟ ಪಿಟೀಲು.
ನಿನ್ನ ಪುಸ್ತಕದಲ್ಲಿ ಯಾವ ಪುಟಕ್ಕೆ ಕೇಳುತ್ತೆ?

ಮುಂದೆ, ಕೆಂಪು ಜೋಲುಗಲ್ಲದ ಟರ್ಕಿಕೋಳಿ ಹೂ,
ಬುಡ ಚೀಪಿದರೆ ಜೇನಿನ ಹನಿ.
ಅದರಾಚೆ ಹುಳಿದಂಟು, ಶಾಲೆ ತಪ್ಪಿಸಿದವರ ತಿಂಡಿ.
ಮತ್ತೆ ಏನೂ ಅಲ್ಲದ ಹಾಗೆ, ಹಳದಿಯಾಗಿ,
ದಾರಿಯುದ್ದಕ್ಕೂ ಒಂದು. ಹಸಿವಿನ ಹೂ, ಎಂದಳು.
ಯಾಕೆ ಆ ಹೆಸರು ಎಂದು ಕೇಳಿದೆ.
ಒಣರೊಟ್ಟಿ ಮುರಿದು
ದೊಡ್ಡ ಚೂರು ನನಗೆ ಕೊಟ್ಟಳು.

ಮೂರರ ಹೊತ್ತಿಗೆ ಮನೆಯ ಕಡೆ ತಿರುಗಿದೆವು.
ಈಗ ಸೂರ್ಯ ಎದುರಿಗೆ.
ಬಯಲಿಗೆ ಬಯಲೇ ನಮಗೆ ಬೆನ್ನು ತೋರಿಸಿತ್ತು,
ಬೆಳಿಗ್ಗೆಯ ಸಡಗರವೆಲ್ಲ ಮಾಸಲು ಹಸಿರು, ಮಣ್ಣುಗೆಂಪು,
ಜರತಾರಿ ಸೀರೆಯ ಒಳಮೈಯಂತೆ ಬರೀ ದಾರ, ಗಂಟು.
ಕೈಪಿಡಿ ತೆರೆದೆ. ನಾನೂರು ಪುಟ, ಎಲ್ಲ ಮುಖಗಳೇ.

ಟಾನಿಯ ನಡಿಗೆ ಮಾತ್ರ ನಿಲ್ಲಲಿಲ್ಲ.
ಕೋಲು ಚಾಚುತ್ತ ಹೇಳುತ್ತ ಹೋದಳು:
ಕೆಳಗೆ ನೇರಳೆ ಗೆರೆ, ಇದು ಬೆಳಿಗ್ಗೆಯ ಬಿಳಿಯದು.
ಇದರ ಕತ್ತು ಒರಟು, ನಿನ್ನ ನೊಣದ್ದು.
ಇದಕ್ಕೆ ಕಾಲರು ಎರಡು ಮಡಿಕೆ.
ಇದು? ಇದು ಹಸಿವಿನದೇ, ಹಿಂದಿಂದಲೂ ಅಷ್ಟೇ.

ಹೇಗೆ ಗೊತ್ತು? ಎಂದೆ.
ಐವತ್ತು ವರ್ಷ ಚರ್ಚಿನ ಕಟ್ಟಕಡೆಯ ಬೆಂಚು, ಮಗಳೇ.
ಆಡಿನ ವಾಸನೆಯವಳು, ಬಾಗಿಲ ಹತ್ತಿರ ಕೂರು ಅಂದರು, ಕೂತೆ.
ಊರಿನ ಒಂದೊಂದು ಕುತ್ತಿಗೆಯೂ ನನಗೆ ಗೊತ್ತು,
ಕಿವಿಯ ಹಿಂದಿನ ಮಚ್ಚೆ ಯಾರದು,
ಪ್ರಾರ್ಥನೆಯಲ್ಲಿ ಯಾರ ಭುಜ ಅಳುತ್ತದೆ,
ಯಾರದು ತೂಕಡಿಸುತ್ತದೆ.

ನಾನು ಅಂಚೆಕಚೇರಿಯ ಕಿಟಕಿಯವಳು.
ಮುಖ ನೋಡಿ ರುಜು ಪಡೆದು
ಮುಂದಿನವರು ಬನ್ನಿ ಎನ್ನುವವಳು.

ಹೂಗಳು ಒಂದೊಂದಾಗಿ ಮುಚ್ಚತೊಡಗಿದ್ದವು.
ಪುಸ್ತಕ ಚೀಲಕ್ಕೆ ಹಾಕಿದೆ,
ಎಂಬತ್ತೊಂದನೆಯ ಪುಟದಲ್ಲಿ ರೊಟ್ಟಿಯ ಪುಡಿ.
ಕಾಲುದಾರಿ ಕಿರಿದಾಯಿತು, ಟಾನಿ ಮುಂದಾದಳು:
ಎಡಭುಜ ತುಸು ತಗ್ಗು,
ಶಾಲಿಗೆ ಎರಡು ಪಿನ್ನು, ಒಂದಕ್ಕೆ ತುಕ್ಕು,
ಹಿಮ್ಮಡಿಗೆ ಜಾರಿದ ಒಂದು ಕಾಲುಚೀಲ.

ನೋಡಿಟ್ಟುಕೊಂಡೆ.