ಖಾಲಿ ಜಾಗವೂ ಸೇರಿ

ಯೋಜನೆಯನ್ನು ವಿವರಿಸಿ, ಅಂತ ಕೇಳ್ತದೆ ಪರದೆ,
ಸಾವಿರದೈನೂರು ಅಕ್ಷರ ಮೀರದ ಹಾಗೆ,
ಖಾಲಿ ಜಾಗವೂ ಸೇರಿ.

ದಕ್ಕೆಯ ಐಸ್ ಪ್ಲಾಂಟಿನ ಮೇಲಿನ ಕೋಣೆ.
ಕೆಳಗೆ ಯಂತ್ರ ಗಡ್ಡೆ ಅಗಿಯುವ ಸದ್ದು.
ವೈಫೈ ಇಲ್ಲಿ ಮಾತ್ರ ಗಟ್ಟಿ ಅಂತ
ಪಿಯೂಸಣ್ಣ ಬೀಗದ ಕೈ ಕೇಳಿ ತಂದದ್ದು.
ಗಡುವು ನಡುರಾತ್ರಿ.
ಈಗ ಒಂಬತ್ತು ಇಪ್ಪತ್ತು.

ನಾವು ಏಳು ಜನ, ಹೊಳೆ ಒಂದೇ.
ಮೇಲಿನ ಗದ್ದೆಯಲ್ಲಿ ನೇಜಿ ನೆಡುತ್ತಾ ಹಾಡುವವರು,
ಬಂದರಿನಲ್ಲಿ ಮೂಟೆ ಎತ್ತುವಾಗ ಕೂಗುವವರು,
ರೋಸಿನ ಸಂಜೆ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ
ವೊವಿಯೊ ಹೇಳುವವರು,
ಮೈಲಾಂಜಿ ರಾತ್ರಿಯ ಚಪ್ಪಾಳೆಯವರು,
ಎಲ್ಲರ ದನಿ ಒಂದು ಕಡೆ ಕಾಪಿಡುವುದು.
ಇಷ್ಟಕ್ಕೇ ಮುನ್ನೂರು ಅಕ್ಷರ ಖರ್ಚು.
ಉಳಿದದ್ದರಲ್ಲಿ 'ನವೀನತೆ' ತೋರಿಸಬೇಕು.

ಮುಖ್ಯ ಪಾಲುದಾರ ಸಂಸ್ಥೆ ಯಾವುದು?
ಇಲ್ಲಿ ಒಂದು ಗಂಟೆ ಹೋಯಿತು.
ಮೊದಲ ಹೆಸರು ಬೇಡ ಅಂದವರಿಲ್ಲ,
ಬೇಕು ಅಂತ ಬಾಯಿ ಬಿಟ್ಟವರೂ ಇಲ್ಲ.
ಝುಹರಾ ಬಿಸ್ಕತ್ತಿನ ಪೊಟ್ಟಣ ಬಿಡಿಸಿ ನಡುವೆ ಇಟ್ಟಳು.
"ಮೂರು ವರ್ಷದ ಆಡಿಟ್ ಇರುವುದು
ನಮ್ಮ ಸಭೆಗೆ ಮಾತ್ರ ಅಲ್ವಾ ಮಾರಾಯ್ರೆ,"
ಪಿಯೂಸಣ್ಣ ಫ್ಯಾನಿನ ಹತ್ತಿರ ಹೇಳಿದರು.
ಬೊಗ್ರಣ್ಣ, ಡೋಲಿನ ಹಗ್ಗ ಬಿಗಿದು ಬಿಗಿದು ದಪ್ಪವಾದ ಬೆರಳಲ್ಲಿ
ಬಿಸ್ಕತ್ತು ಹಿಡಿದು ಚಹಾಕ್ಕೆ ಅದ್ದಿದರು,
ಅದು ಮುರಿದು ಮುಳುಗಿತು.
"ನಮ್ಮ ಹೆಸರು ಎಲ್ಲಿಯಾದರೂ ಹಾಕಿ," ಅಂದರು,
"'ಇತರರು' ಅಂತ ಮಾತ್ರ ಬೇಡ."

ಟೈಪ್ ಮಾಡುವವಳು ನಾನು.
ಅಳಿಸುವವಳೂ.

ಮೈಲಿಗಲ್ಲು ಒಂದು: ಜನವರಿಯಿಂದ ಮಾರ್ಚ್, ಪಾಡ್ದನದ ಧ್ವನಿಮುದ್ರಣ.
ಕಿನ್ನಿಕಂಬಳಕ್ಕೆ, ಅಪ್ಪಿ ಅಜ್ಜಿಗೆ ಫೋನು ಹಚ್ಚಿದೆ.
"ನೇಜಿ ಇಲ್ಲದೆ ಹಾಡುವುದು ಎಂತದು ಮಗಾ?
ಬಗ್ಗಿದರೆ ಬರ್ತದೆ. ನಿಂತರೆ ಹೋಗ್ತದೆ."
ಅಪಾಯಗಳು ಎಂಬಲ್ಲಿ ಬರೆದೆ: ಋತು.
ಪರಿಹಾರ: ಕಾರ್ತೆಲ್ ತಿಂಗಳ ತನಕ ಕಾಯುವುದು.
ಅವರ ಪಟ್ಟಿಯಲ್ಲಿ ಕಾರ್ತೆಲ್ ಇಲ್ಲ,
ಒಂದನೇ ತ್ರೈಮಾಸಿಕ ಉಂಟು, ಎರಡನೆಯದುಂಟು.

ಆಗ ಹೊಳೆಯಿತು:
ಅಜ್ಜಿ ಒಂದು ಸಾಲು ಹೇಳಿ
ಸೂಡಿಯಿಂದ ಮತ್ತೆರಡು ನೇಜಿ ಬಿಡಿಸುವಷ್ಟು ಹೊತ್ತು
ಸುಮ್ಮನಿರ್ತಾರಲ್ಲ,
ಆ ಖಾಲಿ ಜಾಗಕ್ಕೂ ಒಂದು ಅಕ್ಷರದ ಲೆಕ್ಕ
ಈ ಫೌಂಡೇಶನಿನವರು ಹಿಡಿದಿದ್ದಾರೆ.
ನಮ್ಮಲ್ಲಿ ಯಾರೂ ಹಿಡಿದಿರಲಿಲ್ಲ.

ಬಜೆಟ್. ಮೈಕು ನಾಲ್ಕು, ಹಾರ್ಡ್ ಡಿಸ್ಕು ಆರು,
ಸಲಹೆಗಾರರು, ಸಲಹೆಗಾರರ ವಿಮಾನ.
ಗೌರವಧನ ಶೇಕಡ ಹದಿನೈದು ಮೀರುವಂತಿಲ್ಲ.
ಬ್ಯಾಂಕಿನಲ್ಲಿ ಮೂವತ್ತು ವರ್ಷ ತೆಗೆದ ಝುಹರಾ
ಅಜ್ಜಿಯ ಬಸ್ ಚಾರ್ಜನ್ನು ಮೆಲ್ಲಗೆ
'ಉಪಕರಣ ಸಾಗಾಟ'ದ ಅಡಿಗೆ ತಳ್ಳಿದಳು.
ಗಂಟಲು ಉಪಕರಣ ಅಲ್ವಾ, ಅಂದಳು,
ಕನ್ನಡಕದ ಮೇಲಿಂದ ನೋಡಿ.

ಹನ್ನೊಂದು ನಲ್ವತ್ತಕ್ಕೆ
ಪರದೆ ಕೆಂಪಾಯಿತು: ಚಿತ್ರದ ಗಾತ್ರ ದೊಡ್ಡದು.
ಗದ್ದೆಯಲ್ಲಿ ನಿಂತ ಅಜ್ಜಿಯನ್ನು ಕುಗ್ಗಿಸಿದೆ.
ಇನ್ನೂ ದೊಡ್ಡದು.
ಮತ್ತೆ ಕುಗ್ಗಿಸಿದೆ, ಹಿಂದಿನ ಗುಡ್ಡ ಕತ್ತರಿಸಿದೆ, ಕಾಲ ಕೆಸರು ಕತ್ತರಿಸಿದೆ,
ಕೊನೆಗೆ ಮೂಗುಬೊಟ್ಟೊಂದು ಮಿಣುಕುವಷ್ಟಾದಾಗ
ಒಳಗೆ ತಗೊಂಡಿತು.

ಹನ್ನೊಂದು ಐವತ್ತೆರಡು. ಸ್ವೀಕೃತವಾಗಿದೆ.
ಏಳೂ ಜನ ಒಟ್ಟಿಗೆ ಉಸಿರು ಬಿಟ್ಟೆವು,
ಏಳು ಉಸಿರಿಗೆ ಯಾವ ಡಬ್ಬಿಯೂ ಇರಲಿಲ್ಲ.
ಅರ್ಜಿಯ ನಂಬರನ್ನು ಬೊಗ್ರಣ್ಣ
ಬಂಗುಡೆಯ ಬಿಲ್ಲಿನ ಹಿಂದೆ ಬರೆಸಿಕೊಂಡು
ಅಂಗಿಯ ಜೇಬಲ್ಲಿಟ್ಟರು.

ಬೆಳಿಗ್ಗೆ ಆರೂವರೆಗೆ ಅಜ್ಜಿಯ ಫೋನು:
"ಏತ್ ಬತ್ತ್ಂಡ್ ಮಗಾ?"
ಎಷ್ಟೂ ಬರಲಿಲ್ಲ ಅಜ್ಜಿ, ನಂಬರು ಮಾತ್ರ,
ನಲವತ್ತು ಸಾವಿರದ ಇನ್ನೂರ ಹದಿನೇಳು.
ಆ ಕಡೆ
ಎರಡು ನೇಜಿ ಬಿಡಿಸುವಷ್ಟು ಹೊತ್ತು.
"ಯಾವು," ಅಂದರು, "ಧಾರಾಳ ಆಯ್ತು.
ಅಷ್ಟೆಲ್ಲ ಯಾಕೆ ಕೇಳ್ಲಿಕ್ಕೆ ಹೋದದ್ದು ನೀವು?
ಬೊಗ್ರನ ಡೋಲಿನ ಚರ್ಮ ಹರಿದಿದೆ,
ಮೊದಲು ಅವನಿಗೆ ಕೊಡಿ."

ನಾವು ಕೇಳಿದ್ದು ಮೂವತ್ತೆಂಟು ಲಕ್ಷ.
ಅದು ಹಣ ಅಲ್ಲ ಅಜ್ಜಿ, ಅಂತ ಹೇಳಲಿಕ್ಕೆ ಹೊರಟೆ.
ಅಷ್ಟರಲ್ಲಿ ಕೋಳಿಗಳನ್ನು ಗದರಿಸುತ್ತಾ
ಅವರು ಫೋನು ಇಟ್ಟಾಗಿತ್ತು.